ಎಡ್ಮಂಟನ್‌ನ ನದಿ ದಂಡೆಯಲ್ಲಿ ಘಮಘಮಿಸುವ ಮರ ಯಾವುದು?

ಪ್ರಶ್ನೆ: ನಾವು ಕೆನಡಾದ ಎಡ್ಮಂಟನ್‌ನಲ್ಲಿದ್ದೇವೆ. ಹಿಮ ಕರಗಿದ ಮೇಲೆ ನದಿ ಕಡೆ ವಾಕಿಂಗ್ ಹೋದರೆ ಧೂಪದಂಥ ಸಿಹಿ ವಾಸನೆ. ಮನೆಗೆ ಬಂದರೆ ಶೂ ಅಡಿಯಲ್ಲಿ ಕಂದು ಬಣ್ಣದ ಅಂಟು ಸಿಪ್ಪೆ. ಇದು ಯಾವ ಮರ? ಏನಾದರೂ ಉಪಯೋಗ ಇದೆಯಾ?

ಉತ್ತರ: ಅದು ಬಾಲ್ಸಮ್ ಪಾಪ್ಲರ್. ಉತ್ತರ ಅಮೆರಿಕದ ಅಗಲ ಎಲೆಯ ಮರಗಳಲ್ಲಿ ಎಲ್ಲಕ್ಕಿಂತ ಉತ್ತರದವರೆಗೂ ಬೆಳೆಯುವುದು ಇದೇ. ಅಲಾಸ್ಕಾದಿಂದ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಹೊಳೆದಂಡೆಗಳಲ್ಲಿ ಸಿಗುತ್ತದೆ. ಎಲೆ ತಿರುಗಿಸಿ ನೋಡಿ: ಅಡಿಭಾಗ ಬಿಳಚಾಗಿ, ಅಲ್ಲಲ್ಲಿ ತುಕ್ಕಿನಂಥ ಕಲೆ ಇರುತ್ತದೆ.

ವಾಸನೆ ಬರುವುದು ಮೊಗ್ಗಿನಿಂದ. ಹೂವಿನದಲ್ಲ, ಎಲೆಮೊಗ್ಗಿನದು! ಎರಡು ಸೆಂಟಿಮೀಟರ್ ಉದ್ದದ ಚೂಪು ಮೊಗ್ಗಿಗೆ ಚಳಿಗಾಲವಿಡೀ ಅಂಟಿನ ಹೊದಿಕೆ. ಒಳಗಿನ ಎಳೆ ಎಲೆ ಒಣಗದಂತೆ ಅದು ಕಾಯುತ್ತದೆ. ಹಸಿದ ಹಿಮಮೊಲಗಳು ಕೂಡ ಈ ಮೊಗ್ಗು ತಿನ್ನಲು ಹಿಂದೇಟು ಹಾಕುತ್ತವೆ. ವಸಂತದಲ್ಲಿ ಮೊಗ್ಗು ಒಡೆದಾಗ ಸಿಪ್ಪೆ ಉದುರುತ್ತದೆ. ನಿಮ್ಮ ಶೂಗೆ ಮೆತ್ತಿಕೊಂಡದ್ದು ಅದೇ.

ನನಗೆ ತುಂಬಾ ಇಷ್ಟವಾದ ಸಂಗತಿ ಎಂದರೆ, ಈ ಅಂಟನ್ನು ಜೇನುನೊಣಗಳು ಹೊತ್ತೊಯ್ಯುತ್ತವೆ. ಗೂಡಿನ ಬಿರುಕು ಮುಚ್ಚಲು, ರೋಗಾಣು ತಡೆಯಲು ಬಳಸುತ್ತವೆ. ಅಂಗಡಿಯಲ್ಲಿ ಪ್ರೊಪೊಲಿಸ್ ಎಂದು ಮಾರುತ್ತಾರಲ್ವಾ, ತಂಪು ದೇಶಗಳಲ್ಲಿ ಅದು ಬಹುಪಾಲು ಪಾಪ್ಲರ್ ಮೊಗ್ಗಿನದೇ. ಕ್ರೀ ಮುಂತಾದ ಮೂಲನಿವಾಸಿಗಳು ಮೊಗ್ಗಿನಿಂದ ಗಾಯದ ಮುಲಾಮು ಮಾಡುತ್ತಾ ಬಂದಿದ್ದಾರೆ. ಈ ಮರದಲ್ಲಿ ಆಸ್ಪಿರಿನ್‌ನ ಬಳಗಕ್ಕೆ ಸೇರಿದ ಸ್ಯಾಲಿಸಿನ್ ಇದೆ. ಹಾಗಾಗಿ ಆಸ್ಪಿರಿನ್ ಅಥವಾ ಪ್ರೊಪೊಲಿಸ್ ಒಗ್ಗದವರು ದಯವಿಟ್ಟು ಹಚ್ಚಿಕೊಳ್ಳಬೇಡಿ.

ಮರ ಹಗುರ, ಮೆತ್ತಗೆ. ಕಾಗದದ ತಿರುಳು, ಪೆಟ್ಟಿಗೆ, ಚೂರುಗಳನ್ನು ಒತ್ತಿ ಮಾಡುವ ಹಲಗೆಗಳಿಗೆ ಹೋಗುತ್ತದೆ. ಸೌದೆಗೆ ಅಷ್ಟೇನೂ ಒಳ್ಳೆಯದಲ್ಲ, ಶಾಖ ಕಡಿಮೆ.

ಬೇಸಿಗೆಯಲ್ಲಿ ಇದೇ ಮರದಿಂದ ನಮ್ಮ ಬೂರುಗದಂತೆ ಹತ್ತಿ ಹಾರುತ್ತದೆ. ಗಂಡು, ಹೆಣ್ಣು ಮರ ಬೇರೆ ಬೇರೆ. ಹತ್ತಿ ಹೆಣ್ಣು ಮರದ್ದು ಮಾತ್ರ. ಸೀನು ಬಂದರೆ ಎಲ್ಲರೂ ಸುಮ್ನೆ ಈ ಹತ್ತಿಯನ್ನು ಬೈಯುತ್ತಾರೆ. ಅದು ಪರಾಗವಲ್ಲ, ಬೀಜದ ರೆಕ್ಕೆ. ಅದೇ ಹೊತ್ತಿಗೆ ಹುಲ್ಲಿನ ಪರಾಗವೂ ಗಾಳಿಯಲ್ಲಿರುತ್ತದೆ, ಸೀನು ಜಾಸ್ತಿ ಬರುವುದು ಅದರಿಂದ.

ಇನ್ನು ಶೂ. ಈ ಅಂಟು ನೀರಿಗೆ ಬಗ್ಗುವುದಿಲ್ಲ. ಸ್ವಲ್ಪ ಅಡುಗೆ ಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು, ಹಳೇ ಬಟ್ಟೆಯಲ್ಲಿ ಒರೆಸಿ. ಆಮೇಲೆ ಸೋಪಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ನೆಲದ ಮೇಲೆ ಜಾರುತ್ತೀರಿ.