ತಾಳೆಯಾಗದ ಬಾಕಿಯನ್ನು ಸಾಫ್ಟ್‌ವೇರ್ ತೀರಿಸುವುದಿಲ್ಲ

ಏಪ್ರಿಲ್ ಮೊದಲ ವಾರ. ಬೆಂಗಳೂರಿನ ಹೆಡ್ ಆಫೀಸಿನ ಪುಸ್ತಕದಲ್ಲಿ ಅಮೆರಿಕದಲ್ಲಿರುವ ನಮ್ಮದೇ ಅಂಗಸಂಸ್ಥೆಯಿಂದ, ಅಂದರೆ ಸಬ್ಸಿಡಿಯರಿಯಿಂದ, 1 ಲಕ್ಷ ಡಾಲರ್ ಬರಬೇಕು ಅಂತಿದೆ. ಅಮೆರಿಕದವರ ಪುಸ್ತಕ ನೋಡಿದರೆ ಮಾರ್ಚ್ 31ಕ್ಕೆ ನಮಗೆ ಕೊಡಬೇಕಾದ್ದು ಸೊನ್ನೆ. ಬಿಲ್ ಇಲ್ಲಿಂದ ಹೋದದ್ದು ಮಾರ್ಚ್ 28ಕ್ಕೆ, ಅವರು ಎಂಟ್ರಿ ಹಾಕಿದ್ದು ಏಪ್ರಿಲ್ 3ಕ್ಕೆ. ಕೆಲಸ ಮಾರ್ಚ್‌ನಲ್ಲೇ ಮುಗಿದಿತ್ತು, ಹಾಗಾಗಿ ಬಿಲ್ ಕೈಗೆ ಬರದಿದ್ದರೂ ಅವರು ಮಾರ್ಚ್‌ಗೇ ಪ್ರಾವಿಷನ್ ಮಾಡಬೇಕಿತ್ತು, ಅಂದರೆ ಆ ಖರ್ಚನ್ನು ಪುಸ್ತಕಕ್ಕೆ ಹಾಕಿಡಬೇಕಿತ್ತು. ಮಾಡಿಲ್ಲ. ಈಗ ಕನ್ಸಾಲಿಡೇಶನ್ (ಗ್ರೂಪಿನ ಎಲ್ಲ ಕಂಪನಿಗಳ ಲೆಕ್ಕವನ್ನು ಒಂದಾಗಿಸುವ ಕೆಲಸ) ಓಡಿಸಿದರೆ ಪರದೆಯ ಮೇಲೆ 1 ಲಕ್ಷ ಡಾಲರ್ ವ್ಯತ್ಯಾಸ ಕೂತಿರುತ್ತದೆ.

ಇಂಥ ಹೊತ್ತಿನಲ್ಲಿ ನನಗೆ ಜಾಸ್ತಿ ಬರುವ ಪ್ರಶ್ನೆ, "ಸರ್, ಇಷ್ಟು ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಂಡಿದ್ದೇವೆ, ಅದೇ ಇದನ್ನು ಸರಿ ಮಾಡಲ್ವಾ?" ಇಲ್ಲ, ಮಾಡುವುದಿಲ್ಲ. ಕನ್ಸಾಲಿಡೇಶನ್ ಸಾಫ್ಟ್‌ವೇರ್ ಒರಾಕಲ್‌ನ ಹೈಪೀರಿಯನ್ ಇರಲಿ, ಎಸ್‌ಎಪಿಯ ಬಿಪಿಸಿ ಇರಲಿ, ಒನ್‌ಸ್ಟ್ರೀಮ್ ಇರಲಿ, ವ್ಯತ್ಯಾಸ ಎಲ್ಲಿದೆ ಅಂತ ತೋರಿಸುವುದು ಅದರ ಕೆಲಸ. ಯಾಕೆ ಬಂತು ಅಂತ ತಿಳಿಯಬೇಕಾದರೆ ಎರಡೂ ಕಡೆಯ ಅಕೌಂಟೆಂಟ್‌ಗಳು ಮಾತಾಡಲೇಬೇಕು.

ಕನ್ಸಾಲಿಡೇಶನ್ ಅಂದರೆ ಕಂಪನಿಗಳ ಲೆಕ್ಕವನ್ನು ಸುಮ್ನೆ ಕೂಡಿಸುವುದು ಅಂತ ಅನೇಕರು ತಿಳಿದಿದ್ದಾರೆ. ಒಂದೇ ಮನೆಯಲ್ಲಿ ಅಣ್ಣ ತಮ್ಮನಿಗೆ ಸಾಲ ಕೊಟ್ಟರೆ ಮನೆಯ ಆಸ್ತಿ ಹೆಚ್ಚುವುದಿಲ್ಲ, ಅಲ್ವಾ? ಗ್ರೂಪಿನೊಳಗಿನ ಮಾರಾಟ, ಖರೀದಿ, ಬಾಕಿ, ಬಡ್ಡಿ ಎಲ್ಲವನ್ನೂ ತೆಗೆದುಹಾಕಬೇಕು. ಲಾಭವನ್ನೂ ತೆಗೆಯಬೇಕು. ತಾಯಿ ಕಂಪನಿ 80 ರೂಪಾಯಿಗೆ ತಯಾರಿಸಿದ ಮಾಲನ್ನು ಸಬ್ಸಿಡಿಯರಿಗೆ 100ಕ್ಕೆ ಕೊಟ್ಟಿದೆ, ಮಾರ್ಚ್ 31ಕ್ಕೆ ಅದು ಇನ್ನೂ ಅವರ ಗೋದಾಮಿನಲ್ಲೇ ಇದೆ ಅಂದುಕೊಳ್ಳಿ. ಹೊರಗಿನವರು ಯಾರೂ ಕೊಂಡಿಲ್ಲ. ಆ 20 ರೂಪಾಯಿ ಇನ್ನೂ ಲಾಭವಲ್ಲ, ಸ್ಟಾಕಿನ ಬೆಲೆಯಿಂದಲೂ ಅದು ಹೋಗಬೇಕು. ಆದರೆ ಯಾವ ಮಾಲು ಉಳಿದಿದೆ, ಅದರ ಮೇಲೆ ಎಷ್ಟು ಮಾರ್ಜಿನ್ ಇಟ್ಟಿದ್ದರು ಎಂಬ ಮಾಹಿತಿಯನ್ನು ಸಬ್ಸಿಡಿಯರಿ ಕೊಡದಿದ್ದರೆ ಸಾಫ್ಟ್‌ವೇರ್ ಏನನ್ನು ಕಳೆಯಬೇಕು?

ಡಾಲರ್ ವಿಷಯದಲ್ಲಿ ಗೊಂದಲ ಇನ್ನೂ ಜಾಸ್ತಿ. ವರ್ಷದ ಆರಂಭದಲ್ಲಿ ಸಬ್ಸಿಡಿಯರಿಯ ನಿವ್ವಳ ಆಸ್ತಿ 10 ಲಕ್ಷ ಡಾಲರ್, ಆಗ ಡಾಲರಿಗೆ 83 ರೂಪಾಯಿ ಎಂದಿಟ್ಟುಕೊಳ್ಳಿ. ಅಂದರೆ 8.30 ಕೋಟಿ. ವರ್ಷದಲ್ಲಿ 1 ಲಕ್ಷ ಡಾಲರ್ ಲಾಭ ಬಂತು, ಸರಾಸರಿ ದರ 84, ಅದು 84 ಲಕ್ಷ ರೂಪಾಯಿ. ವರ್ಷದ ಕೊನೆಗೆ ದರ 85, ಆಸ್ತಿ 11 ಲಕ್ಷ ಡಾಲರ್, ಅಂದರೆ 9.35 ಕೋಟಿ. 8.30ಕ್ಕೆ 0.84 ಕೂಡಿಸಿದರೆ 9.14 ಕೋಟಿ ಮಾತ್ರ ಆಗುತ್ತದೆ. ಉಳಿದ 21 ಲಕ್ಷ ದರ ಬದಲಾದದ್ದರಿಂದ ಬಂದದ್ದು. ಅದು ಲಾಭದ ಲೆಕ್ಕಕ್ಕೆ ಹೋಗುವುದಿಲ್ಲ, ವಿದೇಶಿ ಹಣದ ಲೆಕ್ಕಕ್ಕಿರುವ ಭಾರತದ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 21ರ ಪ್ರಕಾರ ಇತರ ಸಮಗ್ರ ಆದಾಯದ (ಲಾಭ-ನಷ್ಟದ ಹೊರಗೆ ತೋರಿಸುವ ಆದಾಯ) ಮೂಲಕ ಟ್ರಾನ್ಸ್‌ಲೇಶನ್ ರಿಸರ್ವ್‌ಗೆ, ಅಂದರೆ ದರದ ವ್ಯತ್ಯಾಸ ಕೂಡಿಡುವ ಖಾತೆಗೆ ಹೋಗುತ್ತದೆ. ಈ ಲೆಕ್ಕವನ್ನು ಸಾಫ್ಟ್‌ವೇರ್ ಚೆನ್ನಾಗಿ ಮಾಡುತ್ತದೆ, ಖಾತೆ ಸೃಷ್ಟಿಸುವಾಗ ಯಾವುದಕ್ಕೆ ಯಾವ ದರ ಅಂತ ನಾವು ಸರಿಯಾಗಿ ಹೇಳಿದ್ದರೆ. ಷೇರು ಬಂಡವಾಳದ ಒಂದು ಖಾತೆಗೆ ತಪ್ಪಿ ವರ್ಷದ ಕೊನೆಯ (ಕ್ಲೋಸಿಂಗ್) ದರ ಕೊಟ್ಟರೆ ಸಾಕು, ರಿಸರ್ವ್ ತಪ್ಪುತ್ತದೆ. ಬ್ಯಾಲೆನ್ಸ್ ಶೀಟ್ ಮಾತ್ರ ತಾಳೆಯಾಗಿಯೇ ಇರುತ್ತದೆ, ಅದಕ್ಕೇ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಬೋರ್ಡ್ ಮೀಟಿಂಗ್‌ಗೆ ಎರಡು ದಿನ ಇದ್ದಾಗಲೂ ಇಂಟರ್‌ಕಂಪನಿ ಬಾಕಿ, ಅಂದರೆ ಗ್ರೂಪಿನ ಕಂಪನಿಗಳ ನಡುವಿನ ಬಾಕಿ, ಕೂಡಿಬರಲಿಲ್ಲ. ಕೊನೆಗೆ ಯಾರೋ ಗ್ರೂಪ್ ಮಟ್ಟದಲ್ಲಿ ಒಂದು ಜರ್ನಲ್ ಹಾಕಿ ತೇಪೆ ಹಚ್ಚಿದರು. ಹೀಗೆ ಮೇಲಿನಿಂದ ಹಾಕಿದ ಎಂಟ್ರಿ ಸಬ್ಸಿಡಿಯರಿಯ ಪುಸ್ತಕಕ್ಕೆ ಹೋಗುವುದೇ ಇಲ್ಲ. ಹಾಗಾಗಿ ಮುಂದಿನ ತ್ರೈಮಾಸಿಕದಲ್ಲಿ ಅದನ್ನೇ ಮತ್ತೆ ಹಾಕಬೇಕಾಯಿತು, ಅದರ ಮುಂದಿನದರಲ್ಲೂ. ಹಾಕಿದವರು ಕೆಲಸ ಬಿಟ್ಟು ಹೋದ ಮೇಲೆ ಆ ಮೊತ್ತ ಯಾಕಿದೆ ಅಂತ ಹೇಳುವವರೇ ಇರಲಿಲ್ಲ. ವಿವರಣೆಯ ಜಾಗದಲ್ಲಿ "ಅಡ್ಜಸ್ಟ್‌ಮೆಂಟ್" ಅಂತ ಒಂದೇ ಪದ. ಅದರ ಮೂಲ ಹುಡುಕಲು ನಾನು ಹಳೆಯ ಮೇಲ್‌ಗಳನ್ನೆಲ್ಲ ತಡಕಿದ್ದೇನೆ, ಆ ರಾತ್ರಿಗಳು ಇವತ್ತಿಗೂ ನೆನಪಿವೆ. ಕಾರಣ ಬರೆಯದ, ಹೊಣೆ ಹೊತ್ತವರ ಹೆಸರಿಲ್ಲದ ಜರ್ನಲ್ ಅನ್ನು ಸಿಸ್ಟಮ್ ತಗೊಳ್ಳಲೇಬಾರದು ಅಂತ ನಾನು ಹಠ ಹಿಡಿಯುವುದು ಇದಕ್ಕೇ.

ಸಮಯವೂ ಕಡಿಮೆ. ಸಬ್ಸಿಡಿಯರಿ ಇರುವ ಕಂಪನಿ ಗ್ರೂಪಿನ ಲೆಕ್ಕವನ್ನೂ ಕೊಡಬೇಕು ಅಂತ 2013ರ ಕಂಪನಿ ಕಾಯ್ದೆಯ 129(3) ಹೇಳುತ್ತದೆ. ಲಿಸ್ಟ್ ಆದ ಕಂಪನಿಗಳಿಗೆ ಪ್ರತಿ ತ್ರೈಮಾಸಿಕವೂ ಅದು ಕಡ್ಡಾಯವಾದದ್ದು 2019ರ ಏಪ್ರಿಲ್ 1ರಿಂದ. ಮೊದಲ ಮೂರು ತ್ರೈಮಾಸಿಕಕ್ಕೆ 45 ದಿನ, ವರ್ಷದ ಕೊನೆಗೆ 60 ದಿನ. ಆಡಿಟರ್, ಆಡಿಟ್ ಕಮಿಟಿ, ಬೋರ್ಡ್ ಎಲ್ಲ ಇದರೊಳಗೇ ಬರಬೇಕು, ಹಾಗಾಗಿ ತಾಳೆ ನೋಡಲು ನಮಗೆ ನಿಜವಾಗಿ ಸಿಗುವುದು ಕೆಲವೇ ದಿನ.

ಬಜೆಟ್‌ಗೂ ಇದೇ ಮಾತು. ಬೆಂಗಳೂರಿನವರು ಸಬ್ಸಿಡಿಯರಿಗೆ ಇಷ್ಟು ಮಾರುತ್ತೇವೆ ಅಂತ ಒಂದು ಅಂಕಿ ಹಾಕಿ, ಅವರು ಖರೀದಿಗೆ ಇನ್ನೊಂದು ಹಾಕಿದ್ದರೆ, ವರ್ಷವಿಡೀ ಬಜೆಟ್ ಮತ್ತು ವಾಸ್ತವದ ಹೋಲಿಕೆ ಕೆಟ್ಟುಹೋಗುತ್ತದೆ. ಬಜೆಟ್ ಸಾಲಿನಲ್ಲೂ ಎದುರಿನ ಕಂಪನಿ ಯಾವುದು ಅಂತ ಅದರ ಕೋಡ್ ಕೇಳಿ, ಆಗ ಎರಡೂ ಅಂಕಿಗಳ ತಾಳೆ ನೋಡಬಹುದು, ಅಷ್ಟು ಸಾಕು.

ನಮ್ಮಲ್ಲಿ ಈಗ ಪ್ರತಿ ತಿಂಗಳು 25ಕ್ಕೆ ಎರಡೂ ಕಡೆಯವರು ಫೋನಿನಲ್ಲಿ ಕೂರುತ್ತಾರೆ. ಒಂದು ಬಾಕಿಗೆ ಇಲ್ಲಿ ಒಬ್ಬರು, ಅಲ್ಲಿ ಒಬ್ಬರು, ಇಬ್ಬರ ಹೆಸರೂ ಪಟ್ಟಿಯಲ್ಲಿರುತ್ತದೆ. ಬಿಲ್ ನಂಬರ್ ಓದಿ ಓದಿ ಗುರುತು ಹಾಕುತ್ತಾರೆ. ತಿಂಗಳ ಕೊನೆಯ ಐದು ದಿನ ಹೊಸ ಇಂಟರ್‌ಕಂಪನಿ ಬಿಲ್ ಮಾಡುವುದಿಲ್ಲ, ಆ ದಿನಗಳ ಕೆಲಸಕ್ಕೆ ಎರಡೂ ಕಡೆ ಒಂದೇ ಮೊತ್ತದ ಪ್ರಾವಿಷನ್ ಹಾಕುತ್ತಾರೆ. ನ್ಯೂಯಾರ್ಕಿನವರಿಗೆ ಬೆಳಿಗ್ಗೆ ಒಂಬತ್ತೂವರೆ ಆಗಲಿ ಅಂತ ಬೇಸಿಗೆಯಲ್ಲಿ ಆ ಕರೆ ನಮ್ಮ ಸಂಜೆ 7ಕ್ಕೆ ಇರುತ್ತದೆ, ಅದಕ್ಕೇ ಆವತ್ತು ನಮ್ಮ ಟೀಮಿನವರಿಗೆ ಮಧ್ಯಾಹ್ನದ ಮೇಲೆ ಆಫೀಸಿಗೆ ಬರಲು ಹೇಳಿದ್ದೇನೆ.