ಬಿಳಿ ಹತ್ತಿ ಗೌನು ತೊಟ್ಟ ರಾಣಿ

ಪ್ಯಾರಿಸ್ಸಿನ ಸರ್ಕಾರಿ ದಾಖಲೆ ಭಂಡಾರದಲ್ಲಿ 1782ರ ಒಂದು ಪುಸ್ತಕವಿದೆ. ಅದರ ತುಂಬ ಬಟ್ಟೆಯ ಚೂರುಗಳು. ಪ್ರತಿ ಚೂರಿನ ಪಕ್ಕ ಅದು ಯಾವ ಗೌನಿನದು, ಹೊಲಿದುಕೊಟ್ಟವರು ಯಾರು ಎಂಬ ಟಿಪ್ಪಣಿ. ಬೆಳಿಗ್ಗೆ ಎದ್ದ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಎದುರು ಇಂಥ ಪುಸ್ತಕವನ್ನು ತಂದಿಡುತ್ತಿದ್ದರು. ಅವತ್ತು ಯಾವ ಯಾವ ಉಡುಪು ಬೇಕೋ ಆ ಚೂರುಗಳ ಮೇಲೆ ಆಕೆ ಗುಂಡುಸೂಜಿ ಚುಚ್ಚುತ್ತಿದ್ದಳು. ದಿನಕ್ಕೆ ಒಂದೇ ಉಡುಪು ಸಾಕಾಗುತ್ತಿರಲಿಲ್ಲ. ಬೆಳಗಿಗೆ ಒಂದು, ಊಟದ ಹೊತ್ತಿಗೆ ಇನ್ನೊಂದು, ಸಂಜೆಗೆ ಮತ್ತೊಂದು.

ಇಷ್ಟು ಓದಿದರೆ ದುಂದುವೆಚ್ಚದ ರಾಣಿಯ ಹಳೇ ಕಥೆಯೇ ಅನ್ನಿಸುತ್ತದೆ, ಅಲ್ವಾ? ಆದರೆ ಈಕೆಯ ಹೆಸರು ಕೆಡಿಸಿದ ಉಡುಪುಗಳಲ್ಲಿ ಮೊದಲ ಸ್ಥಾನ ರೇಷ್ಮೆ-ಜರಿಯದ್ದಲ್ಲ. ಒಂದು ಸರಳ ಹತ್ತಿ ಗೌನಿನದು.

ಆಸ್ಟ್ರಿಯಾದ ಈ ಹುಡುಗಿ ಫ್ರಾನ್ಸಿಗೆ ಸೊಸೆಯಾಗಿ ಬಂದದ್ದು 1770ರಲ್ಲಿ, 14ನೇ ವಯಸ್ಸಿಗೆ. ನಾಲ್ಕು ವರ್ಷಕ್ಕೆ ಗಂಡ 16ನೇ ಲೂಯಿ ಪಟ್ಟಕ್ಕೆ ಬಂದ. ಅಲ್ಲಿಯವರೆಗೆ ವರ್ಸೇಲ್ಸ್ ಅರಮನೆಯಲ್ಲಿ ಫ್ಯಾಷನ್ ಹುಟ್ಟಿಸುತ್ತಿದ್ದವರು ಹಿಂದಿನ ರಾಜ 15ನೇ ಲೂಯಿಯ ಪ್ರೇಯಸಿಯರು. ಮದಾಂ ದ ಪೊಂಪದೂರ್, ಆಮೇಲೆ ಮದಾಂ ದು ಬಾರಿ. ಜನರ ಬೈಗುಳವೂ ಅವರಿಗೇ ಹೋಗುತ್ತಿತ್ತು, ಆಗಿನ ರಾಣಿ ತನ್ನ ಪಾಡಿಗೆ ತಾನು ಗೌರವದಿಂದ ಇರುತ್ತಿದ್ದಳು. 16ನೇ ಲೂಯಿಗೆ ಪ್ರೇಯಸಿಯೇ ಇರಲಿಲ್ಲ. ಹಾಗಾಗಿ ಎರಡೂ ಪಾತ್ರ ಒಬ್ಬಳ ತಲೆಗೇ ಬಂತು.

ಆ ತಲೆಯಾದರೂ ಎಂಥದ್ದು! ಕೂದಲಿನೊಳಗೆ ಮೆತ್ತೆ ಇಟ್ಟು, ಜಿಡ್ಡು ಸವರಿ, ಪೌಡರ್ ಹಾಕಿ ಗೋಪುರದ ಹಾಗೆ ಎತ್ತರಿಸುವುದು. ಇದರ ಹೆಸರು ಪೂಫ್. 1774ರಲ್ಲಿ ರಾಜ ಸಿಡುಬು ಬಾರದಂತೆ ಅದರ ಸೋಂಕನ್ನೇ ತುಸು ಮೈಗೆ ಹಾಕಿಸಿಕೊಂಡ. ಅದು ಯಶಸ್ವಿಯಾದದ್ದಕ್ಕೂ ಒಂದು ಪೂಫ್ ಹುಟ್ಟಿತು: ವೈದ್ಯದೇವತೆಯ ಹಾವು, ಆಲಿವ್ ಮರ, ಹುಟ್ಟುವ ಸೂರ್ಯ, ಎಲ್ಲವೂ ತಲೆಯ ಮೇಲೆ. ಗಾಡಿಯಲ್ಲಿ ಕೂತರೆ ಚಾವಣಿ ತಗಲುತ್ತದೆಂದು ಹೆಂಗಸರು ಮಂಡಿಯೂರಿ ಹೋಗುತ್ತಿದ್ದರಂತೆ. ವಿಯೆನ್ನಾದಲ್ಲಿದ್ದ ತಾಯಿ ಮರಿಯಾ ತೆರೇಸಾಗೂ ಸುದ್ದಿ ಮುಟ್ಟಿತು. ಕೂದಲು 36 ಅಂಗುಲ ಎದ್ದಿದೆಯಂತೆ, ಮೇಲೆ ಗರಿಗಳಂತೆ, ಇದೇನಿದು ಎಂದು 1775ರಲ್ಲಿ ಮಗಳಿಗೆ ಕಾಗದ ಬರೆದಳು. ಎಲ್ಲರೂ ಗರಿ ಮುಡಿಯುತ್ತಾರೆ, ನಾನು ಮುಡಿಯದಿದ್ದರೇ ವಿಚಿತ್ರ ಎಂಬ ಧಾಟಿಯಲ್ಲಿ ಉತ್ತರ ಹೋಯಿತು. ಅದೇ ವಸಂತದಲ್ಲಿ ಬ್ರೆಡ್ಡಿನ ಬೆಲೆ ಏರಿ ಪ್ಯಾರಿಸ್ ಸುತ್ತಮುತ್ತ ಗಲಭೆಗಳಾದವು. ತಲೆಗೆ ಹಾಕುವ ಪೌಡರ್ ಆಗುತ್ತಿದ್ದದ್ದು ಧಾನ್ಯದ ಪಿಷ್ಟದಿಂದ. ಜನ ಸುಮ್ನೆ ಇರುತ್ತಾರಾ?

ಈ ಎಲ್ಲದರ ಹಿಂದಿದ್ದವಳು ರೋಸ್ ಬರ್ತಾಂ. ಪ್ಯಾರಿಸ್ಸಿನಲ್ಲಿ ಅಂಗಡಿ ಇಟ್ಟಿದ್ದ ಈಕೆ ವಾರಕ್ಕೆರಡು ಸಲ ಅರಮನೆಗೆ ಬರುತ್ತಿದ್ದಳು. ಜನ ಆಕೆಗೆ ‘ಫ್ಯಾಷನ್ ಮಂತ್ರಿ’ ಎಂದು ಹೆಸರಿಟ್ಟರು. ರಾಣಿಗೆ ಹೊಲಿದ ಮಾದರಿಯೇ ಆಮೇಲೆ ಅಂಗಡಿಯಲ್ಲಿ ದುಡ್ಡಿದ್ದವರಿಗೆಲ್ಲ ಸಿಗುತ್ತಿತ್ತು. ಹೊಸ ಉಡುಪು ತೊಡಿಸಿದ ಗೊಂಬೆಗಳು ಯುರೋಪಿನ ಬೇರೆ ಅರಮನೆಗಳಿಗೂ ಹೋಗುತ್ತಿದ್ದವು. ಒಮ್ಮೆ ರಾಣಿ ಕಂದು-ನೇರಳೆ ಬಣ್ಣದ ರೇಷ್ಮೆ ಆರಿಸಿದಾಗ ರಾಜ ‘ಇದು ಚಿಗಟದ ಬಣ್ಣ’ ಎಂದನಂತೆ. ಸರಿ, ಚಿಗಟದ ಬಣ್ಣವೇ ಫ್ಯಾಷನ್ ಆಯಿತು. ಬಣ್ಣ ಹಾಕುವವರು ಚಿಗಟದ ಹೊಟ್ಟೆ, ಚಿಗಟದ ತೊಡೆ ಅಂತೆಲ್ಲ ಛಾಯೆಗಳನ್ನು ಹೊರಡಿಸಿದರು! ರಾಣಿಯ ಬಟ್ಟೆಗೆಂದು ವರ್ಷಕ್ಕೆ ಗೊತ್ತು ಮಾಡಿದ್ದ ಹಣ 1,20,000 ಲಿವ್ರ್ (ಆಗಿನ ಫ್ರೆಂಚ್ ಹಣ). 1785ರಲ್ಲಿ ಖರ್ಚಾದದ್ದು 2,58,000.

ಅಷ್ಟರಲ್ಲಿ ರಾಣಿಗೆ ಈ ಆಡಂಬರ ಸಾಕಾಗಿತ್ತು. ಗಂಡ ಕೊಟ್ಟಿದ್ದ ಪೆತಿ ತ್ರಿಯಾನೋ ಎಂಬ ಪುಟ್ಟ ಅರಮನೆಯಲ್ಲಿ ಆಪ್ತರ ಜೊತೆ ಕಾಲ ಕಳೆಯುತ್ತಿದ್ದಳು. ಅಲ್ಲಿ ಪಂಜರದಂಥ ಒಳ ಉಡುಪಿಲ್ಲ, ಬಿಗಿ ರೇಷ್ಮೆ ಇಲ್ಲ. ಮಸ್ಲಿನ್ ಎಂಬ ತೆಳು ಹತ್ತಿ ಬಟ್ಟೆಯ ಬಿಳಿ ಗೌನು, ಸೊಂಟಕ್ಕೊಂದು ಪಟ್ಟಿ, ಹುಲ್ಲಿನ ಟೋಪಿ. 1783ರಲ್ಲಿ ಕಲಾವಿದೆ ವಿಜೇ ಲ ಬ್ರುನ್ ಆಕೆಯನ್ನು ಇದೇ ವೇಷದಲ್ಲಿ ಚಿತ್ರಿಸಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿಟ್ಟಳು. ದೊಡ್ಡ ಗದ್ದಲವೇ ಆಯಿತು. ರಾಣಿ ಒಳ ಉಡುಪಿನಲ್ಲಿ ನಿಂತಿದ್ದಾಳೆ ಎಂದರು ಕೆಲವರು. ಲಿಯೋನ್ ನಗರದ ರೇಷ್ಮೆ ನೇಕಾರರ ಹೊಟ್ಟೆಗೆ ಹೊಡೆಯುತ್ತಿದ್ದಾಳೆ ಎಂದರು ಇನ್ನು ಕೆಲವರು. ಮಸ್ಲಿನ್ ಬರುತ್ತಿದ್ದದ್ದು ಭಾರತದಿಂದ, ಆ ವ್ಯಾಪಾರದಲ್ಲಿ ಶತ್ರುಗಳಾದ ಇಂಗ್ಲಿಷರ ಕೈ ದೊಡ್ಡದು. ಚಿತ್ರ ಕೆಳಗಿಳಿಯಿತು. ಬದಲಿಗೆ ಅದೇ ರಾಣಿ, ಕೈಯಲ್ಲಿ ಅದೇ ಗುಲಾಬಿ, ಮೈಮೇಲೆ ಮಾತ್ರ ನೀಲಿ ರೇಷ್ಮೆಯ ಇನ್ನೊಂದು ಚಿತ್ರ ಬಂತು. ಜರಿ ಉಟ್ಟರೆ ದುಂದು, ಹತ್ತಿ ಉಟ್ಟರೆ ದ್ರೋಹ. ಪಾಪ, ಉಡುವುದೇನನ್ನು?

ಆ ಬಿಳಿ ಗೌನು ಮತ್ತೆ ಕಾಣಿಸಿಕೊಂಡದ್ದು 1784ರ ಆಗಸ್ಟಿನ ಒಂದು ರಾತ್ರಿ, ವರ್ಸೇಲ್ಸ್ ತೋಟದ ಕತ್ತಲಲ್ಲಿ. ಈ ಸಲ ಅದನ್ನು ತೊಟ್ಟವಳು ಬೇರೆ ಹೆಂಗಸು. ರಾಣಿಯ ಒಲವಿಗಾಗಿ ಹಾತೊರೆಯುತ್ತಿದ್ದ ಕಾರ್ಡಿನಲ್ ರೋಹಾನ್ ಎಂಬ ದೊಡ್ಡ ಧರ್ಮಾಧಿಕಾರಿಯ ಎದುರು ವಂಚಕರು ಆಕೆಯನ್ನೇ ರಾಣಿ ಎಂದು ನಿಲ್ಲಿಸಿದರು. ಆತ ನಂಬಿಬಿಟ್ಟ. ಮುಂದೆ ರಾಣಿಗೆಂದು 647 ವಜ್ರಗಳ ಹಾರವನ್ನು 16 ಲಕ್ಷ ಲಿವ್ರ್‌ಗೆ ಸಾಲದಲ್ಲಿ ಕೊಂಡ. ಹಾರ ವಂಚಕರ ಪಾಲಾಯಿತು. ರಾಣಿ ಅದನ್ನು ಕೇಳಿರಲೂ ಇಲ್ಲ, ಕೊಂಡಿರಲೂ ಇಲ್ಲ. ಆದರೂ 1786ರಲ್ಲಿ ನ್ಯಾಯಾಲಯ ಕಾರ್ಡಿನಲ್‌ನನ್ನು ಬಿಡುಗಡೆ ಮಾಡಿದಾಗ ಪ್ಯಾರಿಸ್ ಸಂಭ್ರಮಪಟ್ಟಿತು. ಅಂದರೆ, ರಾಣಿ ಹೀಗೆಲ್ಲ ಮಾಡುವವಳೇ ಎಂದು ಜನ ಆಗಲೇ ತೀರ್ಮಾನಿಸಿಯಾಗಿತ್ತು. ಆಕೆಗೆ ‘ಮದಾಂ ಡೆಫಿಸಿಟ್’ ಎಂಬ ಅಡ್ಡಹೆಸರು ಬಿತ್ತು. ಬೊಕ್ಕಸ ಬರಿದು ಮಾಡಿದವಳು ಎಂದರ್ಥ.

ಲೆಕ್ಕ ಬೇರೆಯೇ ಹೇಳುತ್ತದೆ. 1788ರ ಸರ್ಕಾರಿ ಖರ್ಚಿನಲ್ಲಿ ಇಡೀ ಅರಮನೆಯ ಪಾಲು ಶೇ 6ರ ಆಸುಪಾಸು. ಸಾಲ ತೀರಿಸಲು ಹೋಗುತ್ತಿದ್ದದ್ದು ಸುಮಾರು ಅರ್ಧ. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಹಣ ಸುರಿದದ್ದು ಆ ಸಾಲದ ದೊಡ್ಡ ಕಾರಣ. ಆದರೆ ಬಡ್ಡಿ ಯಾರ ಕಣ್ಣಿಗೂ ಬೀಳುವುದಿಲ್ಲ, ತಲೆಯ ಮೇಲಿನ ಗರಿ ಬೀಳುತ್ತದೆ.

ತಮಾಷೆ ಎಂದರೆ, ಬೈದವರೇ ಆ ಬಿಳಿ ಗೌನನ್ನು ಹೊಲಿಸಿಕೊಂಡರು. 1789ರಲ್ಲಿ ಶುರುವಾದ ಫ್ರೆಂಚ್ ಕ್ರಾಂತಿಯ ನಂತರದ ಪ್ಯಾರಿಸ್ಸಿನಲ್ಲಿ ಎಲ್ಲಿ ನೋಡಿದರೂ ಬಿಳಿ ಮಸ್ಲಿನ್.

1793ರ ಜನವರಿಯಲ್ಲಿ ಕ್ರಾಂತಿಕಾರರು ರಾಜನ ತಲೆ ಕತ್ತರಿಸಿದರು. ಸೆರೆಯಲ್ಲಿದ್ದ ರಾಣಿ ಅಂದಿನಿಂದ ಕಪ್ಪು ಉಡುತ್ತಿದ್ದಳು. ಅಕ್ಟೋಬರ್ 16ರಂದು ಆಕೆಯ ಸರದಿ. ವಿಧವೆಯ ಕಪ್ಪು ಉಡುಪು ಕಂಡರೆ ಜನ ಕನಿಕರಪಟ್ಟಾರು ಎಂದು ಅದಕ್ಕೆ ಅನುಮತಿ ಕೊಡಲಿಲ್ಲ. ಬಿಳಿ ಗೌನು ತೊಟ್ಟು ಹೊರಟಳು. ದಾರಿಯಲ್ಲಿ ಚಿತ್ರಕಾರ ದಾವಿದ್ ನಾಲ್ಕಾರು ಗೆರೆಗಳಲ್ಲಿ ಆಕೆಯನ್ನು ಹಿಡಿದಿಟ್ಟ. ನೆಟ್ಟಗಿನ ಬೆನ್ನು, ಹಿಂದೆ ಕಟ್ಟಿದ ಕೈ, ಟೋಪಿಯ ಕೆಳಗೆ ಮೋಟು ಕೂದಲು. ಹಿಂದಿನ ಕಾಲದಲ್ಲಿ ಫ್ರಾನ್ಸಿನ ವಿಧವೆ ರಾಣಿಯರ ಶೋಕದ ಬಣ್ಣ ಬಿಳಿಯೇ ಆಗಿತ್ತು. ಕಪ್ಪು ಬೇಡ ಎಂದವರಿಗೆ ಅದು ಗೊತ್ತಿತ್ತೋ ಇಲ್ಲವೋ.