ಬಸೂನ್ ಅಂದ್ರೆ ಆರ್ಕೆಸ್ಟ್ರಾದ ಜೋಕರ್ ಅಲ್ವಾ?

ಪ್ರಶ್ನೆ: ಸಿಂಫನಿ ಆರ್ಕೆಸ್ಟ್ರಾದಲ್ಲಿ ಬಸೂನ್ ನುಡಿಸುವವರದ್ದು ಆರಾಮದ ಕೆಲಸ ಅಲ್ವಾ? ಆಗಾಗ ನಾಲ್ಕು ತಮಾಷೆ ಸ್ವರ ಊದಿದರೆ ಮುಗಿಯಿತು. ಅಷ್ಟಕ್ಕೇ ಜೀವನಪೂರ್ತಿ ನೌಕರಿಯೇ?

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ. ಗೊತ್ತಿಲ್ಲದವರಿಗೆ: ಬಸೂನ್ ಅಂದರೆ ಮರದ, ಉದ್ದನೆಯ, ಕೆಳಸ್ಥಾಯಿಯ ಊದುವ ವಾದ್ಯ.

ಮೊದಲು ನೌಕರಿಯ ಮಾತು. ದೊಡ್ಡ ಆರ್ಕೆಸ್ಟ್ರಾದಲ್ಲೂ ಬಸೂನಿನವರು ಸಾಮಾನ್ಯವಾಗಿ ಮೂರೋ ನಾಲ್ಕೋ ಜನ. ಮುಖ್ಯ ವಾದಕರ ಕುರ್ಚಿ ಖಾಲಿಯಾಗುವುದೇ ಅಪರೂಪ. ಫಿಲಡೆಲ್ಫಿಯಾ ಆರ್ಕೆಸ್ಟ್ರಾದಲ್ಲಿ ಬರ್ನಾರ್ಡ್ ಗಾರ್ಫೀಲ್ಡ್ 1957ರಲ್ಲಿ ಕೂತವರು ಎದ್ದಿದ್ದು 2000ದಲ್ಲಿ. ಅಂದರೆ ಆ ಊರಿನ ಆ ಜಾಗಕ್ಕೆ ಆಸೆಪಟ್ಟ ಒಂದು ಇಡೀ ತಲೆಮಾರು ಅರ್ಜಿ ಹಾಕುವುದಕ್ಕೂ ಅವಕಾಶ ಸಿಗದೆ ಬೇರೆ ಊರು ನೋಡಿಕೊಳ್ಳಬೇಕಾಯಿತು. ಕೊನೆಗೆ ಎಲ್ಲೋ ಒಂದು ಜಾಗ ಖಾಲಿಯಾದರೆ ಪರದೆಯ ಹಿಂದೆ ಕೂತು ಪರೀಕ್ಷೆ ಕೊಡಬೇಕು. ನುಡಿಸುವವರ ಮುಖ ಯಾರಿಗೂ ಕಾಣಬಾರದು ಅಂತ ಪರದೆ. ಮೊಜಾರ್ಟ್‌ನ ಹಾಡುನಾಟಕ (ಒಪೆರಾ) 'ಫಿಗರೋ'ದ ಪೀಠಿಕೆಯ ಓಟ, ರವೇಲ್‌ನ 'ಬೊಲೆರೊ'ದ ಮೇಲಿನ ಸ್ಥಾಯಿ, ಚೈಕೋವ್ಸ್ಕಿಯ ನಾಲ್ಕನೇ ಸಿಂಫನಿಯ ಒಂಟಿ ರಾಗ, ಹೀಗೆ ಚೂರು ಚೂರು ಕೇಳುತ್ತಾರೆ. ಎಷ್ಟೋ ವರ್ಷಗಳ ಅಭ್ಯಾಸ ಕೆಲವೇ ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ.

ಈಗ ಆ ಜೋಕರ್ ಮಾತಿಗೆ ಬರೋಣ. ಇದನ್ನು ಕೇಳಿದಾಗಲೆಲ್ಲ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಇದು ಹುಟ್ಟಿದ್ದು ಎಲ್ಲಿಂದ ಅಂತ ಊಹಿಸುವುದು ಕಷ್ಟವಲ್ಲ. ಜೋಡಿ ರೀಡಿನ ವಾದ್ಯ ಇದು, ಅಂದರೆ ಬಾಯಿಗಿಟ್ಟು ಊದುವ ತುದಿಯಲ್ಲಿ ಜೊಂಡಿನ ಎರಡು ತೆಳು ಪಟ್ಟಿಗಳು ಒಂದಕ್ಕೊಂದು ಅದುರಿ ಸ್ವರ ಹುಟ್ಟುತ್ತದೆ. ನಾಲಿಗೆ ತಾಗಿಸಿದ ತಕ್ಷಣ ಸ್ವರ ಟಕ್ಕನೆ ಹೊರಡುತ್ತದೆ. ಕೆಳಸ್ಥಾಯಿಯಲ್ಲಿ ತುಂಡು ತುಂಡಾಗಿ ನುಡಿಸಿದರೆ ಯಾರೋ ದಪ್ಪಗಿನವರು ಕುಪ್ಪಳಿಸಿದಂತೆ ಕೇಳುತ್ತದೆ, ಒಪ್ಪುತ್ತೇನೆ. ಫ್ರಾನ್ಸಿನ ಸಂಗೀತಗಾರ ಡ್ಯೂಕಾ 1897ರಲ್ಲಿ ಮಾಂತ್ರಿಕನ ಶಿಷ್ಯನ ಕಥೆಗೆ ಇದನ್ನೇ ಬಳಸಿಕೊಂಡ. 1940ರಲ್ಲಿ ಡಿಸ್ನಿ ಅದೇ ಸಂಗೀತಕ್ಕೆ ಮಿಕ್ಕಿ ಮೌಸ್‌ನನ್ನು ಕುಣಿಸಿದ ಮೇಲೆ ಜನರ ತಲೆಯಲ್ಲಿ ಅದೇ ಕೂತುಬಿಟ್ಟಿತು. ಪ್ರೊಕೋಫಿಯೆವ್‌ನ ಸಂಗೀತಕಥೆ 'ಪೀಟರ್ ಮತ್ತು ತೋಳ'ದಲ್ಲಿ ಬಸೂನಿನ ದನಿಯಲ್ಲಿ ಬರುವ ತಾತನನ್ನೂ ಇದೇ ಪಟ್ಟಿಗೆ ಸೇರಿಸುತ್ತಾರೆ. ಸ್ವಲ್ಪ ಗಮನವಿಟ್ಟು ಕೇಳಿ ಸ್ವಾಮಿ, ಆ ತಾತ ಜೋಕರ್ ಅಲ್ಲ. ಮೊಮ್ಮಗ ಗೇಟು ದಾಟಿ ಹೊರಗೆ ಹೋದನಲ್ಲ, ತೋಳ ಬಂದರೆ ಏನು ಗತಿ ಅಂತ ಗದರುವ ಹಿರಿಯ ಜೀವ.

1893ರ ಚೈಕೋವ್ಸ್ಕಿಯ ಆರನೇ ಸಿಂಫನಿ ತೆಗೆದುಕೊಳ್ಳಿ. ಅದು ಶುರುವಾಗುವುದೇ ಬಸೂನಿನಿಂದ, ಡಬಲ್ ಬೇಸ್‌ಗಳ ಗುಂಯ್‌ಗುಡುವಿಕೆಯ ಮೇಲೆ, ತೀರಾ ಕೆಳಗೆ, ಕತ್ತಲಲ್ಲಿ ಗೋಡೆ ತಡವಿಕೊಂಡು ಬರುವವರ ಹಾಗೆ. ಮೊದಲ ಪ್ರದರ್ಶನವನ್ನು ಅವನೇ ನಡೆಸಿಕೊಟ್ಟ. ಒಂಬತ್ತು ದಿನಕ್ಕೆ ತೀರಿಕೊಂಡ. ಇದರಲ್ಲಿ ನಗುವಂಥದ್ದು ಏನಿದೆ?

ಮೊಜಾರ್ಟ್ 1774ರಲ್ಲಿ, 18ನೇ ವಯಸ್ಸಿನಲ್ಲಿ ಬಸೂನಿಗಾಗಿ ಬರೆದ ಕಾನ್ಸರ್ಟೋ (ಒಂದು ವಾದ್ಯ ಮುಂದೆ ನಿಂತು, ಆರ್ಕೆಸ್ಟ್ರಾ ಜೊತೆಗೂಡುವ ಕೃತಿ) ಇದೆ. ಅದರ ನಿಧಾನದ ಭಾಗದ ರಾಗವನ್ನು ಹೋಲುವ ಹಾಡು ಮುಂದೆ 1786ರ 'ಫಿಗರೋ' ಒಪೆರಾದಲ್ಲಿ ಬರುತ್ತದೆ. ಅದನ್ನು ಹಾಡುವವಳು ಗಂಡನ ಪ್ರೀತಿ ಕಳೆದುಕೊಂಡು ಒಬ್ಬಳೇ ಕೊರಗುವ ಕೌಂಟೆಸ್, ಅಂದರೆ ಜಮೀನ್ದಾರನ ಹೆಂಡತಿ. ತಮಾಷೆಯ ಪಾತ್ರಗಳು ಆ ಒಪೆರಾದಲ್ಲಿ ಬೇಕಾದಷ್ಟಿವೆ, ಆದರೂ ಆ ರಾಗದ ನೆರಳು ಬಿದ್ದಿರುವುದು ಅವಳ ದುಃಖದ ಮೇಲೆ.

ಇಷ್ಟೂ ಸಾಲದು ಅಂದರೆ ಶೋಸ್ತಕೋವಿಚ್‌ನ ಒಂಬತ್ತನೇ ಸಿಂಫನಿ ಕೇಳಿ. 1945, ಯುದ್ಧ ಮುಗಿದ ವರ್ಷ. ನಾಲ್ಕನೇ ಭಾಗದಲ್ಲಿ ಹಿತ್ತಾಳೆಯ ದೊಡ್ಡ ವಾದ್ಯಗಳಾದ ಟ್ರೊಂಬೋನ್, ಟ್ಯೂಬಾ ಅಬ್ಬರಿಸುತ್ತವೆ. ಅದಕ್ಕೆ ಒಂಟಿ ಬಸೂನ್ ಗೋಳಿಡುತ್ತಾ ಉತ್ತರ ಕೊಡುತ್ತದೆ. ಹೀಗೆ ಎರಡು ಸಲ. ಆಮೇಲೆ ಮಧ್ಯೆ ನಿಲ್ಲದೆ ಅದೇ ಬಸೂನ್ ಕೊನೆಯ ಭಾಗದ ಕುಣಿತದ ರಾಗಕ್ಕೆ ಜಾರಿಬಿಡುತ್ತದೆ. ಜೋಕರ್ ಅನ್ನುವವರು ಈ ಕುಣಿತವನ್ನಷ್ಟೇ ಕೇಳಿಸಿಕೊಳ್ಳುತ್ತಾರೆ. ಅದೇ ಮನುಷ್ಯ ಈಗಷ್ಟೇ ಅಳುತ್ತಿದ್ದ ಅನ್ನುವುದು ಅವರ ಕಿವಿಗೆ ಬೀಳುವುದೇ ಇಲ್ಲ.

ನಿಜವಾಗಿ ಕಷ್ಟದ್ದು ಏನು ಗೊತ್ತಾ? ವೇಗ ಅಲ್ಲ, ಮೆಲ್ಲಗೆ ನುಡಿಸುವುದು. ಅದೂ ಕೆಳಗಿನ ಸ್ವರಗಳನ್ನು. ಮೆಲ್ಲಗೆ ಅನ್ನುವುದಕ್ಕೆ ಸಂಗೀತ ಬರೆಯುವವರು 'ಪಿ' ಅಂತ ಗುರುತು ಹಾಕುತ್ತಾರೆ. ಆ ಆರನೇ ಸಿಂಫನಿಯಲ್ಲೇ ಬಸೂನಿನ ಕೆಲವು ಸ್ವರಗಳ ಕೆಳಗೆ ಚೈಕೋವ್ಸ್ಕಿ ಸಾಲಾಗಿ ಆರು 'ಪಿ' ಬರೆದಿದ್ದಾನೆ. ಬಸೂನಿನಲ್ಲಿ ಅಷ್ಟು ಮೆಲ್ಲಗೆ ಬರುವುದು ಕಷ್ಟ ಅಂತ ಆರ್ಕೆಸ್ಟ್ರಾ ನಡೆಸುವ ಎಷ್ಟೋ ಕಂಡಕ್ಟರುಗಳು ಆ ಸ್ವರಗಳನ್ನು ಬೇಸ್ ಕ್ಲಾರಿನೆಟ್ ಅನ್ನುವ ಇನ್ನೊಂದು ಊದುವ ವಾದ್ಯಕ್ಕೆ ಕೊಟ್ಟುಬಿಡುತ್ತಾರೆ.

ಆ ಸ್ವರ ಬರುತ್ತೋ ಇಲ್ಲವೋ ಅನ್ನುವುದು ಬಹುಪಾಲು ರೀಡಿನ ಮೇಲೆ ನಿಂತಿದೆ. ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಬಸೂನಿನವರ ದಿನದ ದೊಡ್ಡ ಪಾಲು ಹೋಗುವುದು ಚಾಕು ಹಿಡಿದು ರೀಡ್ ಕೆರೆಯುವುದರಲ್ಲಿ. ನೋಡಲು ಬಿದಿರಿನಂಥ ದಪ್ಪ ಜೊಂಡು, ಹೆಸರಾದದ್ದು ದಕ್ಷಿಣ ಫ್ರಾನ್ಸಿನ ವಾರ್ ಅನ್ನುವ ಪ್ರದೇಶದ ಕಡೆಯದು. ಅದರ ಸೀಳನ್ನು ನೆನೆಸಿ, ಮಡಚಿ, ತಂತಿ ಬಿಗಿದು, ದಾರ ಸುತ್ತಿ, ತುದಿ ಕತ್ತರಿಸಿ, ಬೆಳಕಿಗೆ ಹಿಡಿದು ನೋಡಿ ನೋಡಿ ಕೆರೆಯಬೇಕು. ಕೂದಲೆಳೆಯಷ್ಟು ಜಾಸ್ತಿ ಕೆರೆದರೆ ಕೆಟ್ಟುಹೋಯಿತು. ರೀಡನ್ನಷ್ಟೇ ಬಾಯಿಗಿಟ್ಟು ಊದಿದರೆ ಕಾಗೆ ಕೂಗಿದಂತೆ ಗರಗರ ಅನ್ನಬೇಕು, ಆಗ ಸರಿ. ಅಂಗಡಿಯಲ್ಲೂ ಸಿಗುತ್ತದೆ, ಆದರೆ ಅವರವರ ತುಟಿಗೆ, ಅವರವರ ವಾದ್ಯಕ್ಕೆ, ಆ ದಿನದ ಹವೆಗೆ ಹೊಂದಬೇಕಲ್ಲ. ಹಾಗಾಗಿ ಒಳ್ಳೆಯದೊಂದನ್ನು ಕಛೇರಿಗೆ ಅಂತಲೇ ಎತ್ತಿಟ್ಟು, ರಿಹರ್ಸಲ್‌ಗೆ ಬೇರೆಯದನ್ನು ಬಳಸುವವರು ಬಹಳ.

ನಮಗೆ ಇದೇನು ಹೊಸದಲ್ಲ. ಮದುವೆಮನೆಯಲ್ಲಿ ಓಲಗದವರನ್ನು ಹತ್ತಿರದಿಂದ ನೋಡಿ. ನಾಗಸ್ವರದ್ದೂ ಜೋಡಿ ರೀಡೇ. ವಾದ್ಯದ ಕೊರಳಿಗೆ ದಾರದಲ್ಲಿ ಬದಲಿ ರೀಡುಗಳು ತೂಗುತ್ತಿರುತ್ತವೆ. ಒಮ್ಮೆ ಒಬ್ಬ ಹಿರಿಯರು ತಿಂಡಿಯ ಹೊತ್ತಿಗೆ ನುಡಿಸಿ ಮುಗಿಸಿ ರೀಡ್ ಬಿಚ್ಚುತ್ತಿದ್ದರು. ಯಾಕೆ ಯಜಮಾನ್ರೇ, ಚೆನ್ನಾಗೇ ಇತ್ತಲ್ಲ ಅಂದೆ. ಬೆರಳ ತುದಿಯಲ್ಲಿ ಅದರ ನೀರು ಒರೆಸುತ್ತಾ ಹೇಳಿದರು: "ಇದು ಬೆಳಿಗ್ಗೇದು. ಮುಹೂರ್ತಕ್ಕೆ ಬೇರೆ ಇಟ್ಟಿದ್ದೀನಿ."